ಪಿಎಂ ಕಿಸಾನ್ ಕಂತು ನಿಂತಿದೆ, ಎಲ್ಲಿ ವಿಚಾರಿಸಬೇಕು?

ಪ್ರಶ್ನೆ: ನಮ್ಮದು ಹಾವೇರಿ ಜಿಲ್ಲೆಯ ಒಂದು ಹಳ್ಳಿ. ಅಪ್ಪನ ಹೆಸರಿಗೆ ಎರಡೂವರೆ ಎಕರೆ ಹೊಲ ಇದೆ, ಮೆಕ್ಕೆಜೋಳ ಹಾಕ್ತೀವಿ. 2019ರಿಂದ ಪಿಎಂ ಕಿಸಾನ್ ಹಣ ಸರಿಯಾಗಿ ಬರುತ್ತಿತ್ತು. ಈಗ ಮೂರು ಕಂತು, ಅಂದರೆ ಒಂದು ವರ್ಷದ 6000 ರೂಪಾಯಿ ಪಾಸ್‌ಬುಕ್ಕಿನಲ್ಲಿ ಇಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಕೃಷಿ ಇಲಾಖೆಗೆ ಹೋಗಿ ಅಂತಾರೆ, ಅಲ್ಲಿ ಕೇಳಿದರೆ ಬ್ಯಾಂಕಿಗೆ ಹೋಗಿ ಅಂತಾರೆ. ನಾನಿರುವುದು ಬೆಂಗಳೂರಿನಲ್ಲಿ. ಯಾರಿಗಾದರೂ ಹೀಗೆ ಆಗಿತ್ತಾ?

ದಾವಣಗೆರೆ ಕಡೆಯಿಂದ: ಆಗಿತ್ತು ತಮ್ಮಾ, ನಮ್ಮ ತಂದೆಗೆ. ಮೊದಲು ಅಪ್ಪನನ್ನು ಓಡಾಡಿಸುವುದು ಬಿಡಿ. ಪಿಎಂ ಕಿಸಾನ್ ವೆಬ್‌ಸೈಟಿನಲ್ಲಿ ನೋಂದಣಿ ಸಂಖ್ಯೆ ಹಾಕಿ ಸ್ಥಿತಿ ನೋಡಿ. ಒಟಿಪಿ ಅಪ್ಪನ ಫೋನಿಗೆ ಬರುತ್ತದೆ, ಕೇಳಿಕೊಂಡರೆ ಆಯಿತು. ಅಲ್ಲಿ ಮೂರು ವಿಷಯ ಕಾಣುತ್ತದೆ: ಜಮೀನಿನ ವಿವರ ಸೇರಿದೆಯಾ, ಇ-ಕೆವೈಸಿ (ಆಧಾರ್ ಮೂಲಕ ಗುರುತು ಖಚಿತಪಡಿಸುವುದು) ಆಗಿದೆಯಾ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ. ಯಾವುದರ ಮುಂದೆ ‘ನೋ’ ಇದೆಯೋ ಅದಕ್ಕೆ ಸಂಬಂಧಪಟ್ಟ ಕಚೇರಿಗೆ ಮಾತ್ರ ಹೋಗಿ.

ನಮ್ಮದರಲ್ಲಿ ಮೂರೂ ಸರಿ ಇತ್ತು. ಹಣವೂ ಜಮಾ ಆಗಿದೆ ಅಂತ ತೋರಿಸುತ್ತಿತ್ತು. ಆದರೆ ಪಾಸ್‌ಬುಕ್ ಖಾಲಿ! ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡೆವು. ಆಮೇಲೆ ಗೊತ್ತಾಯಿತು, ಈ ಹಣ ಈಗ ಖಾತೆ ಸಂಖ್ಯೆ ನೋಡಿ ಬರುವುದಿಲ್ಲ, ಆಧಾರ್ ನೋಡಿ ಬರುತ್ತದೆ. ಆಧಾರ್ ಕೊನೆಗೆ ಯಾವ ಖಾತೆಗೆ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ನಮ್ಮ ತಂದೆ ನರೇಗಾ ಕೂಲಿಗೆ ಅಂತ ಇನ್ನೊಂದು ಖಾತೆ ತೆರೆದು ಮರೆತೇಬಿಟ್ಟಿದ್ದರು. ಎಲ್ಲಾ ಕಂತೂ ಅದರಲ್ಲೇ ಇತ್ತು. ‘ಆಧಾರ್ ಲಿಂಕ್ ಆಗಿದೆ’ ಅಂತ ಬ್ಯಾಂಕಿನಲ್ಲಿ ಹೇಳಿದರೆ ಅಷ್ಟಕ್ಕೇ ಎದ್ದು ಬರಬೇಡಿ. ಸರ್ಕಾರದ ಹಣ ಬರಲು ಎನ್‌ಪಿಸಿಐ (ಬ್ಯಾಂಕುಗಳ ನಡುವೆ ಹಣ ಪಾವತಿ ನಡೆಸುವ ಸಂಸ್ಥೆ) ಜೋಡಣೆ ಆಗಿದೆಯಾ ಅಂತ ಕೇಳಿ. ಎರಡೂ ಬೇರೆ ಬೇರೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅನ್ನುವುದು ಮೈಆಧಾರ್ ವೆಬ್‌ಸೈಟಿನಲ್ಲೂ ಸಿಗುತ್ತದೆ.

ಗದಗದಿಂದ: ನಮ್ಮ ಅವ್ವನದು ಇ-ಕೆವೈಸಿಯಲ್ಲೇ ನಿಂತಿತ್ತು. ಅರವತ್ತು ವರ್ಷ ಕಳೆ ಕಿತ್ತ ಕೈ, ಬೆರಳಿನ ಗೆರೆಯೇ ಸವೆದುಹೋಗಿದೆ. ಹೆಬ್ಬೆಟ್ಟು ಇಟ್ಟಾಗೆಲ್ಲ ಯಂತ್ರ ಒಪ್ಪಲಿಲ್ಲ. ನಾಲ್ಕು ಸಲ ಹೋಗಿ ವಾಪಸ್ ಬಂದಳು. ‘ನನ್ನ ಕೈಯೇ ಸರಿ ಇಲ್ಲವೇನೋ’ ಅಂದಾಗ ನನಗೆ ಅಳು ಬಂತು. ಕೊನೆಗೆ ಪಿಎಂ ಕಿಸಾನ್ ಆ್ಯಪ್‌ನಲ್ಲಿ ಮುಖ ತೋರಿಸಿ ಮಾಡಿದೆವು. 2023ರಿಂದ ಈ ಸೌಲಭ್ಯ ಇದೆ. ಮನೆಯ ಬಾಗಿಲಲ್ಲಿ, ಬೆಳಕಿನಲ್ಲಿ ಕೂರಿಸಿದೆ, ಐದು ನಿಮಿಷದಲ್ಲಿ ಮುಗಿಯಿತು. ವಯಸ್ಸಾದವರನ್ನು ದಯವಿಟ್ಟು ಸಾಲಿನಲ್ಲಿ ನಿಲ್ಲಿಸಬೇಡಿ.

ತುಮಕೂರಿನಿಂದ: ಪಹಣಿ ಇನ್ನೂ ತಾತನ ಹೆಸರಿನಲ್ಲಿದ್ದರೆ ಬೇರೆ ದಾರಿಯಿಲ್ಲ, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದು) ಮಾಡಿಸಲೇಬೇಕು. ನಾವು ಅಣ್ಣತಮ್ಮಂದಿರು ‘ಆಮೇಲೆ ನೋಡೋಣ’ ಅಂತ ವರ್ಷಗಟ್ಟಲೆ ಸುಮ್ನೆ ಬಿಟ್ಟಿದ್ದೆವು. 2019ರ ಫೆಬ್ರವರಿ 1ರ ನಂತರ ಜಮೀನು ಕೊಂಡವರಿಗೆ ಈ ಹಣ ಇಲ್ಲ. ಆದರೆ ಮಾಲೀಕರು ತೀರಿಕೊಂಡು ವಾರಸುದಾರರ ಹೆಸರಿಗೆ ಬಂದಿದ್ದರೆ ಇದೆ. ಪಹಣಿ ಬದಲಾದ ಮೇಲೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಫ್ರೂಟ್ಸ್ ಐಡಿಗೆ (ರಾಜ್ಯ ಸರ್ಕಾರ ರೈತರಿಗೆ ಕೊಡುವ ನೋಂದಣಿ ಸಂಖ್ಯೆ) ಎಲ್ಲಾ ಸರ್ವೆ ನಂಬರ್ ಸೇರಿಸಿಕೊಳ್ಳಿ. ಬೆಳೆ ಹಾನಿ ಪರಿಹಾರಕ್ಕೂ ಅದನ್ನೇ ನೋಡುತ್ತಾರೆ. ಒಂದು ಸರ್ವೆ ನಂಬರ್ ಬಿಟ್ಟುಹೋಗಿ ಬರಗಾಲದ ವರ್ಷ ನಮಗೆ ಕಡಿಮೆ ಬಂತು.

ದಾವಣಗೆರೆ ಕಡೆಯಿಂದ: ಇನ್ನೊಂದು ಹೇಳಲು ಮರೆತೆ. ‘ಕಂತು ಬಿಡಿಸಿಕೊಡ್ತೀವಿ’ ಅಂತ ಫೋನ್ ಮಾಡಿದವರಿಗೆ, ಲಿಂಕ್ ಕಳಿಸಿದವರಿಗೆ ಒಟಿಪಿ ಕೊಡಬೇಡಿ ಅಂತ ಅಪ್ಪನಿಗೆ ಹೇಳಿ. ಸಹಾಯವಾಣಿ 155261. ಅಪ್ಪನ ಹಳೇ ಪಾಸ್‌ಬುಕ್ಕುಗಳನ್ನೆಲ್ಲ ಟ್ರಂಕಿನಿಂದ ತೆಗೆಸಿ, ಎಷ್ಟು ಖಾತೆ ಇದೆ ಅಂತ ಇಲ್ಲಿ ಬರೆಯಿರಿ.