ಅಪ್ಪನ ಕಾರ್ಡ್ ಪ್ರಿಂಟಿಗೆ ಹೋಗುವ ಮೊದಲು

ಗುಂಪು: ನಮ್ಮ ಮನೆ

ಅಣ್ಣ: (ಫೋಟೋ) ಅಪ್ಪನ ವರ್ಷದ ನೆನಪಿನ ಕಾರ್ಡ್ ರೆಡಿ ಆಯ್ತು, ಎಲ್ಲರೂ ನೋಡಿ. ಆರಾಧನೆ ದಿನ ಚರ್ಚಲ್ಲಿ ಹಂಚ್ಲಿಕ್ಕೆ 300 ಹೇಳಿದ್ದೇನೆ, ನಾಳೆ ಬೆಳಿಗ್ಗೆ 10ಕ್ಕೆ ಮೆಷಿನಿಗೆ ಹೋಗ್ತದೆ. ಡಿಸೈನ್ ದುಬೈಯಲ್ಲಿ ನನ್ನ ಫ್ರೆಂಡ್ ಮಾಡಿ ಕೊಟ್ಟದ್ದು

ಚಿಕ್ಕಪ್ಪ: ತುಂಬ ಚೆಂದ ಉಂಟು ಮಗ. ದೇವರು ಒಳ್ಳೇದು ಮಾಡ್ಲಿ

ಅತ್ತಿಗೆ: ಮಾವನ ಫೋಟೋ ಒಳ್ಳೆ ಬಂದಿದೆ

ತಮ್ಮ: ಸೂಪರ್ ಅಣ್ಣ

ನಾನು: ಅಣ್ಣ ಪ್ರಿಂಟಿಗೆ ಕೊಡ್ಬೇಡ. ಝೂಮ್ ಮಾಡಿ ನೋಡಿದೆ. ಮೊದಲ ಸಾಲಲ್ಲೇ "ಶ್ರದ್ದಾಂಜಲಿ" ಅಂತ ಉಂಟು, ಅಲ್ಲಿ ದ ಒತ್ತು ಅಲ್ಲ ಧ ಒತ್ತು ಬರ್ಬೇಕು. ಕೆಳಗೆ "ಸ್ವರ್ಗಸ್ತ", ಅದಕ್ಕೆ ಥ ಒತ್ತು. ವಚನದ ನಂಬರ್ 2 ತಿಮೊಥೆಯ 4:17 ಅಂತ ಹಾಕಿದ್ದಾರೆ, ಓಟ ಮುಗಿಸಿದ್ದೇನೆ ಅಂತ ಬರುವುದು 4:7ರಲ್ಲಿ

ಅಣ್ಣ: ಒತ್ತೆಲ್ಲ ಯಾರು ನೋಡ್ತಾರೆ ಮಾರಾಯ್ತಿ, ಎಲ್ಲ ಕಡೆ ಹಾಗೇ ಬರೀತಾರೆ

ನಾನು: ಅಪ್ಪ ನೋಡ್ತಿದ್ರು. ಊರಿನವರ ಮದುವೆ ಕಾಗದ ಬಂದ್ರೆ ಊಟಕ್ಕೆ ಕೂರುವ ಮೊದಲು ಕೆಂಪು ಪೆನ್ನು ಹಿಡ್ಕೊಂಡು ಕೂತ್ಕೊಳ್ತಿದ್ದದ್ದು ನೆನಪಿಲ್ವಾ ನಿನಗೆ. ನಿನ್ನ ಮದುವೆ ಕಾಗದದ ಪ್ರೂಫ್ ಮೂರು ಸಲ ವಾಪಸ್ ಕಳಿಸಿದ್ರು. ಅಂಥ ಮನುಷ್ಯನ ಹೆಸರಿನ ಕಾರ್ಡಲ್ಲಿ ಎರಡು ಒತ್ತು ತಪ್ಪಿಟ್ಟುಕೊಂಡು 300 ಜನರ ಕೈಗೆ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲ

ಚಿಕ್ಕಪ್ಪ: ಅವಳು ಹೇಳುದು ಸರಿ. ಆದ್ರೆ 4:17 ಕೂಡ ಕೆಟ್ಟ ವಚನ ಅಲ್ಲ, ಕರ್ತನು ಬಳಿಯಲ್ಲಿ ನಿಂತು ಬಲಪಡಿಸಿದ ಅಂತ ಬರ್ತದೆ, ಸಿಂಹದ ಬಾಯಿಂದ ತಪ್ಪಿಸಿದ ಅಂತ ಕೂಡ. ನನ್ನ ಅಣ್ಣನಿಗೆ, ನಿಮ್ಮ ಅಪ್ಪನಿಗೆ, ಎರಡೂ ಹೊಂದ್ತದೆ

ಅಣ್ಣ: ಸರಿ ಮೂರು ತಪ್ಪು ತಾನೆ, ಸರಿ ಮಾಡಿಸ್ತೇನೆ. ಮುಗೀತಾ

ನಾನು: ಇಲ್ಲ. ಇನ್ನೊಂದು ಉಂಟು, ಅದು ಒತ್ತಿನ ತಪ್ಪಲ್ಲ. "ಮುದ್ರಣಾಲಯದ ವ್ಯವಸ್ಥಾಪಕರಾಗಿ ನಿವೃತ್ತರಾದ" ಅಂತ ಹಾಕಿದ್ದೀಯಲ್ಲ. ಅಪ್ಪ ಯಾವಾಗ ಮ್ಯಾನೇಜರ್ ಆದದ್ದು?

ಅಕ್ಕ: ಬಿಡೆ ಅದನ್ನು. ಕೊನೆಗೆ ಅಲ್ಲಿ ಎಲ್ಲ ಅಪ್ಪನೇ ನೋಡ್ಕೊಳ್ತಿದ್ದದ್ದು ಅಲ್ವಾ, ಓನರ್ ಬರ್ತಾನೇ ಇರ್ಲಿಲ್ಲ. ಹಾಗೆ ಬರೆದ್ರೆ ಎಂತ ತಪ್ಪು

ನಾನು: ಅಕ್ಕ, ಅಪ್ಪ ಕಂಪೋಸಿಟರ್. 1958ರಲ್ಲಿ 15 ವರ್ಷಕ್ಕೆ ಸೇರಿದವರು 1995ರ ತನಕ ನಿಂತುಕೊಂಡೇ ಅಚ್ಚಿನ ಮೊಳೆ, ಅಂದ್ರೆ ಒಂದೊಂದು ಅಕ್ಷರದ ಸೀಸದ ತುಂಡು, ಜೋಡಿಸಿದ್ದಾರೆ, 37 ವರ್ಷ. ನಾನು ಶಾಲೆ ರಜೆಯಲ್ಲಿ ಬುತ್ತಿ ತಗೊಂಡು ಹೋಗ್ತಿದ್ದೆ, ನಿಮಗೆ ಯಾರಿಗೂ ಆ ಕೆಲಸ ಇರ್ಲಿಲ್ಲ ಹಾಗಾಗಿ ನೋಡಿದವಳು ನಾನೊಬ್ಳೇ. ಇಂಗ್ಲಿಷಿಗಾದ್ರೆ 26 ಅಕ್ಷರ, ಕನ್ನಡಕ್ಕೆ ಕಾಗುಣಿತ ಒತ್ತು ಎಲ್ಲ ಸೇರಿ ನೂರಾರು ಖಾನೆ, ಗೋಡೆಯಷ್ಟು ಎತ್ತರ ಮರದ ಕೇಸು. ಎಡಗೈಯಲ್ಲಿ ಸಾಲು ಜೋಡಿಸುವ ಸ್ಟಿಕ್ ಹಿಡಿದು ಹೆಬ್ಬೆರಳಲ್ಲಿ ಸಾಲನ್ನು ಒತ್ತಿ ಹಿಡ್ಕೊಂಡು ಬಲಗೈ ಕೇಸಿನ ಮೇಲೆ ಓಡ್ತಿತ್ತು, ಕಣ್ಣು ಮಾತ್ರ ಕಾಪಿ ಮೇಲೆ, ಕೈ ಎಲ್ಲಿಗೆ ಹೋಗ್ತದೆ ಅಂತ ಒಮ್ಮೆ ಕೂಡ ನೋಡ್ತಿರ್ಲಿಲ್ಲ. ಒಂದು ದಿನ ನನ್ನ ಹೆಸರು ಜೋಡಿಸಿ ತೋರಿಸಿದ್ರು, ತಲೆಕೆಳಗಾಗಿ ಉಲ್ಟಾ ಇತ್ತು, ನನಗೆ ಓದ್ಲಿಕ್ಕೇ ಆಗ್ಲಿಲ್ಲ. ಅದಕ್ಕೆ ಶಾಯಿ ಹಚ್ಚಿ ನನ್ನ ನೋಟ್‌ಬುಕ್ಕಿನ ರಟ್ಟಿಗೆ ಒತ್ತಿದ್ರು. ಆಮೇಲೆ ಆ ಮೊಳೆಗಳನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿ ಒಂದೊಂದನ್ನೇ ಪುನಃ ಅದರದರ ಖಾನೆಗೆ ಹಾಕಿ ಮುಗಿಸಿದ ಮೇಲೇ ಊಟಕ್ಕೆ ಕೂತದ್ದು. ಅದು ಮ್ಯಾನೇಜರ್ ಕೆಲಸ ಅಲ್ಲ

ತಮ್ಮ: ನನಗೆ ಇದೆಲ್ಲ ಗೊತ್ತೇ ಇರ್ಲಿಲ್ಲ

ಅಣ್ಣ: ಭಾವನೆ ಬೇರೆ ಕಾರ್ಡ್ ಬೇರೆ. ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ, ಚರ್ಚಿಗೆ ಆ ಕಡೆಯವರೂ ಬರ್ತಾರೆ. ಕಂಪೋಸಿಟರ್ ಅಂದ್ರೆ ಈಗಿನವರಿಗೆ ಎಂತ ಅಂತ್ಲೇ ಗೊತ್ತಾಗುದಿಲ್ಲ, ಕೂಲಿ ಅಂತ ತಿಳ್ಕೊಳ್ತಾರೆ

ಅಣ್ಣನ ಮಗಳು: ಪಪ್ಪಾ ಪ್ಲೀಸ್ ನನ್ನ ಹೆಸರು ಇದಕ್ಕೆ ತರ್ಬೇಡಿ. ಅಜ್ಜ ಎಂತ ಕೆಲಸ ಮಾಡ್ತಿದ್ರು ಅಂತ ಅವರಿಗೆ ನಾನೇ ಹೇಳಿ ಆಗಿದೆ

ನಾನು: ಕೂಲಿ ಅಂತ ತಿಳ್ಕೊಂಡ್ರೆ ತಿಳ್ಕೊಳ್ಳಲಿ. ನಮ್ಮ ಊರಿಗೆ ಈ ಕೆಲಸದ ಹೆಸರು ಸಣ್ಣದಾ? 1843ರಲ್ಲಿ ಮಂಗಳೂರ ಸಮಾಚಾರ, ಕನ್ನಡದ ಮೊದಲನೇ ಪತ್ರಿಕೆ, ನಮ್ಮ ಮಂಗಳೂರಲ್ಲೇ ಮೊಳೆ ಜೋಡಿಸಿ ಮಾಡಿದ್ದಲ್ವಾ

ಚಿಕ್ಕಪ್ಪ: ಅಲ್ಲಿ ಒಂದು ತಿದ್ದುಪಡಿ ಮಗಳೇ. ಸಮಾಚಾರ ಬಾಸೆಲ್ ಮಿಶನ್ ಪ್ರೆಸ್ಸಿದ್ದೇ, ಮೊಗ್ಲಿಂಗ್ ಸಾಹೇಬರು ನಡೆಸಿದ್ದು. ಆದ್ರೆ ಅದು ಕಲ್ಲಚ್ಚು. ಕಲ್ಲಿನ ಮೇಲೆ ಬರೆದು ಒತ್ತುದು, ಮೊಳೆ ಇಲ್ಲ. ಮರುವರ್ಷ ಮೊಳೆಯಲ್ಲಿ ಅಚ್ಚು ಹಾಕ್ಲಿಕ್ಕೆ ಅಂತ ಪತ್ರಿಕೆಯನ್ನು ಬಳ್ಳಾರಿಗೆ ತಗೊಂಡು ಹೋದ್ರು, ಹೆಸರು ಕನ್ನಡ ಸಮಾಚಾರ ಆಯ್ತು. ನಿಮ್ಮ ಅಪ್ಪ ಇದನ್ನು ಯಾರಾದ್ರೂ ತಪ್ಪು ಹೇಳಿದ್ರೆ ಬಿಡ್ತಿರ್ಲಿಲ್ಲ, ಹಾಗೆ ಹೇಳಿದೆ

ನಾನು: ಸರಿ ಚಿಕ್ಕಪ್ಪ, ಒಪ್ಪಿದೆ. ಆದ್ರೆ ಕಿಟ್ಟೆಲ್ ನಿಘಂಟು ಮೊಳೆಯದ್ದೇ ಅಲ್ವಾ?

ಚಿಕ್ಕಪ್ಪ: ಅದು ಮೊಳೆಯದ್ದೇ. 1894, ನಮ್ಮ ಮಂಗಳೂರಲ್ಲೇ

ನಾನು: ನೋಡು ಅಣ್ಣ. ಸುಮಾರು 70,000 ಶಬ್ದ, 1,700ಕ್ಕಿಂತ ಹೆಚ್ಚು ಪುಟ, ಒಂದೇ ಸಾಲಲ್ಲಿ ಕನ್ನಡವೂ ಇಂಗ್ಲಿಷೂ. ಕಿಟ್ಟೆಲರ ಪ್ರತಿಮೆ ಬೆಂಗಳೂರಲ್ಲಿ ಎಂಜಿ ರೋಡಲ್ಲಿ ನಿಂತಿದೆ, ನಿಲ್ಲಲೇಬೇಕು, ಅಷ್ಟು ವರ್ಷ ಕಣ್ಣು ಹಾಳು ಮಾಡ್ಕೊಂಡು ದುಡಿದವರು. ಆದ್ರೆ ಆ ಶಬ್ದಗಳನ್ನು ಮೊಳೆ ಹೆಕ್ಕಿ ಹೆಕ್ಕಿ ಜೋಡಿಸಿದವರ ಹೆಸರು ನಮ್ಮಲ್ಲಿ ಎಷ್ಟು ಜನ ಹೇಳ್ತಾರೆ. ಅಪ್ಪನಿಗೆ ಕೆಲಸ ಕಲಿಸಿದ ಅಜ್ಜ ಬಲ್ಮಠದ ಮಿಶನ್ ಪ್ರೆಸ್ಸಲ್ಲಿ ಕಲಿತವರು, ಅಪ್ಪ ಅದನ್ನು ಹೇಳುವಾಗ ಬೆನ್ನು ನೆಟ್ಟಗೆ ಮಾಡ್ತಿದ್ರು. ಈಗ ನಾವೇ ಅದನ್ನು ಅಳಿಸಿ ಮ್ಯಾನೇಜರ್ ಅಂತ ಬರೀಬೇಕಾ

ಅಕ್ಕ: ನೀನು ಹೇಳುದು ಹೌದು, ಆದ್ರೆ ಅಣ್ಣನ ಮೇಲೆ ಹೀಗೆ ಎಲ್ಲರೆದುರು ಏರಿ ಹೋಗ್ಬೇಡ. ಖರ್ಚೆಲ್ಲ ಅವನೇ ಮಾಡುದು

ನಾನು: ಖರ್ಚಿನ ಮಾತಲ್ಲ ಅಕ್ಕ. 1995ರಿಂದ 2001ರ ತನಕ ಅಪ್ಪ ಎಲ್ಲಿದ್ರು? ಕಾರ್ಡಲ್ಲಿ ಆ ಆರು ವರ್ಷ ಇಲ್ಲವೇ ಇಲ್ಲ

(ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ)

ತಮ್ಮ: ಅದು ಬೇಡ ಅಕ್ಕ ಈಗ

ಅಣ್ಣ: ಹೇಳ್ಲಿ, ಹೇಳ್ಲಿಕ್ಕೆ ಬಿಡು. ವಾಚ್‌ಮನ್ ಆಗಿದ್ರು. ಕಂಪ್ಯೂಟರ್ ಬಂತು, ಅಕ್ಷರ ಜೋಡಿಸುದೆಲ್ಲ ಅದರಲ್ಲೇ, ಡಿಟಿಪಿ ಆಯ್ತು, ಪ್ರೆಸ್ಸಿನವರು ಮೊಳೆಯನ್ನೆಲ್ಲ ತೂಕಕ್ಕೆ ಮಾರಿದ್ರು, ಅಪ್ಪನ ಕೈಗೆ ಒಂದಿಷ್ಟು ಕೊಟ್ಟು ಕಳಿಸಿದ್ರು. 52 ವರ್ಷಕ್ಕೆ ಅಪಾರ್ಟ್‌ಮೆಂಟಿನ ಗೇಟಲ್ಲಿ ರಾತ್ರಿ ಕೂತ್ರು. ಯಾಕೆ ಕೂತದ್ದು ಅಂತ ಕೂಡ ಎಲ್ಲರಿಗೂ ಗೊತ್ತುಂಟು, ನನ್ನ ವೀಸಾದ ಸಾಲಕ್ಕೆ. ನಾನು ಹೋದ ಮೊದಲನೇ ಕಂಪನಿ ಎಂಟು ತಿಂಗಳು ಸಂಬಳ ಕೊಡ್ಲಿಲ್ಲ, ಅದನ್ನು ನಾನು ಮನೆಗೆ ಹೇಳ್ಲಿಲ್ಲ, ಅಪ್ಪ ಇಲ್ಲಿ ಬಡ್ಡಿ ಕಟ್ತಾ ಇದ್ರು. ಈಗ ಅದನ್ನು ಕಾರ್ಡಲ್ಲಿ ಹಾಕಿ 300 ಜನರಿಗೆ ನಾನೇ ಹಂಚ್ಬೇಕಾ? ನೀನು ಹಂಚು

ನಾನು: ಅಣ್ಣ

ನಾನು: ನನಗೆ ಆ ಎಂಟು ತಿಂಗಳಿದ್ದು ಗೊತ್ತಿರ್ಲಿಲ್ಲ. ನಿಜವಾಗ್ಲೂ ಗೊತ್ತಿರ್ಲಿಲ್ಲ. ಕ್ಷಮಿಸು

ಅತ್ತಿಗೆ: ಇವರು ನನಗೆ ಕೂಡ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೇಳಿದ್ದು

ಚಿಕ್ಕಪ್ಪ: ನಿನ್ನ ಅಪ್ಪನಿಗೆ ಗೊತ್ತಿತ್ತು ಮಗ

ಅಣ್ಣ: ಎಂತ?

ಚಿಕ್ಕಪ್ಪ: ಸಂಬಳ ಬರ್ತಾ ಇಲ್ಲ ಅಂತ ಗೊತ್ತಿತ್ತು ಅವನಿಗೆ. ನಿನ್ನ ಕಾಗದದಲ್ಲಿ ಊಟದ ವಿಷಯ ಬರೆಯುದು ನಿಂತಿತ್ತಂತೆ, ಮೊದಲೆಲ್ಲ ಎಂತ ತಿಂದೆ ಅಂತ ಬರೀತಿದ್ದೆ ಅಂತ. ನನ್ನ ಹತ್ರ ಹೇಳಿದ್ದ. ಹುಡುಗ ಹೇಳುದಿಲ್ಲ, ನಾವು ಕೇಳುದು ಬೇಡ, ಅವನಿಗೆ ಮರ್ಯಾದೆ ಅಂತ. ಆದಿತ್ಯವಾರ ಬೆಳಿಗ್ಗೆ, ರಾತ್ರಿ ಡ್ಯೂಟಿ ಮುಗಿಸಿ ಬಂದು ಎರಡು ಗಂಟೆ ಮಲಗಿ ಎದ್ದು ಬಿಳಿ ಶರ್ಟು ಹಾಕಿ ಆರಾಧನೆಗೆ ಬರ್ತಿದ್ದ, ಕ್ವಾಯರಲ್ಲಿ ನನ್ನ ಪಕ್ಕ ನಿಲ್ತಿದ್ದ, ಕೆಲವು ಸಲ ನಿಂತಲ್ಲೇ ಕಣ್ಣು ಮುಚ್ಚಿ ಹೋಗ್ತಿತ್ತು, ಆದ್ರೆ ಬೇಸ್ ಸ್ವರ ತಪ್ತಿರ್ಲಿಲ್ಲ. ಪ್ರೆಸ್ಸು ಬಿಟ್ಟು ಎಷ್ಟೋ ಸಮಯ ಆದ್ರೂ ಹೆಬ್ಬೆರಳಿನ ಉಗುರಿನ ಕಪ್ಪು ಹೋಗಿರ್ಲಿಲ್ಲ

(ಅಣ್ಣ ಒಂದು ಗಂಟೆ ಎಂತದ್ದೂ ಬರೆಯಲಿಲ್ಲ)

ಅಕ್ಕ: ಅಮ್ಮನಿಗೆ ಎಲ್ಲ ಓದಿ ಹೇಳಿದೆ. ಅಮ್ಮ ಹೇಳಿದ್ದು ಹಾಗೇ ಟೈಪ್ ಮಾಡ್ತೇನೆ. "ನಾನು ಬೀಡಿ ಕಟ್ಟಿದ್ದೇನೆ, ಅವರು ಮೊಳೆ ಜೋಡಿಸಿದ್ದಾರೆ, ಗೇಟ್ ಕಾದಿದ್ದಾರೆ, ನಾಲ್ಕು ಮಕ್ಕಳು ಒಂದು ದಿನ ಹಸಿದು ಮಲಗಿಲ್ಲ. ಮ್ಯಾನೇಜರ್ ಅಂತ ಬರೆದ್ರೆ ಅವರು ಯಾರೋ ಬೇರೆಯವರು ಅಂತ ಆಗ್ತದೆ. ದೊಡ್ಡವನಿಗೆ ಬೇಜಾರಾಗುದಾದ್ರೆ ಸಾಲದ್ದು ಬರೀಬೇಡಿ, ಕೆಲಸದ್ದು ಬರೀರಿ. ಮತ್ತೆ ಆ ಫೋಟೋ ಬೇಡ, ಕೋಟು ಅವರದ್ದಲ್ಲ, ಸ್ಟುಡಿಯೋದ್ದು. ಕನ್ನಡಕ ಹಣೆ ಮೇಲೆ ಇಟ್ಟದ್ದು ಒಂದುಂಟಲ್ಲ, ಅದು ಹಾಕಿ"

ಅಣ್ಣನ ಮಗಳು: ಅಜ್ಜನ ಆ ಫೋಟೋ ನನ್ನ ಹತ್ರ ಉಂಟು. ಹೊಸತಾಗಿ ನಾನೇ ಮಾಡಿ ಈಗ ಹಾಕ್ತೇನೆ

ಅಣ್ಣನ ಮಗಳು: (ಫೋಟೋ) "37 ವರ್ಷ ಅಚ್ಚುಮೊಳೆ ಜೋಡಿಸಿ, 6 ವರ್ಷ ರಾತ್ರಿ ಕಾವಲುಗಾರರಾಗಿ ದುಡಿದು, ನಾಲ್ಕು ಮಕ್ಕಳನ್ನು ಬೆಳೆಸಿದ ನಮ್ಮ ಅಪ್ಪ." ಹೀಗೆ ಸಾಕಾ? ಶ್ರದ್ಧಾಂಜಲಿ, ಸ್ವರ್ಗಸ್ಥ ಎರಡೂ ಸರಿ ಮಾಡಿದ್ದೇನೆ

ತಮ್ಮ: ಇದು ಅಪ್ಪನೇ

ನಾನು: ಸರಿ ಉಂಟು ಮಗಳೇ. ಕಾವಲುಗಾರ ಅನ್ನೋದು ಇರ್ಬೇಕಾ ಬೇಡ್ವಾ ಅಣ್ಣ ಹೇಳ್ಲಿ. ಬೇಡ ಅಂದ್ರೆ ನಾನು ಇನ್ನು ಒಂದು ಮಾತು ಆಡುದಿಲ್ಲ

ಅಣ್ಣ: ಪ್ರೆಸ್ಸಿಗೆ ಫೋನ್ ಮಾಡಿದೆ, ನಾಳೆ ಬೇಡ ನಾಡಿದ್ದು ಮಾಡಿ ಅಂತ ಹೇಳಿದ್ದೇನೆ

ಅಣ್ಣ: ಕಾವಲುಗಾರ ಇರ್ಲಿ. ವಚನ 4:7 ಮಾಡಿದ ಮೇಲೆ 4:17 ಕೂಡ ಕೆಳಗೆ ಹಾಕಿ, ಜಾಗ ಉಂಟು. ಚಿಕ್ಕಪ್ಪ, ನೀವು ಬೈಬಲ್ ಇಟ್ಕೊಂಡು ಅಕ್ಷರ ಅಕ್ಷರ ನೋಡಿ ಹೇಳಿ, ಆಮೇಲೆ ಕೊಡುವ