ಸಹಾಯ ಬೇಕು: ಕಲಮಾಟಾದಿಂದ ಪ್ರಾಚೀನ ಮೆಸೀನಿಗೆ ಕಾರಿಲ್ಲದೆ ಹೋಗಿಬರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನವೆಂಬರ್‌ನಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಗ್ರೀಸಿನ ಕಲಮಾಟಾಕ್ಕೆ ಹೋಗುತ್ತಿದ್ದೇನೆ. ಅಪ್ಪ ತೋಟದ ಮನುಷ್ಯ. ಆ ಉದ್ದನೆಯ, ನೇರಳೆಗಪ್ಪು ಆಲಿವ್ ಕೊಯ್ಯುವುದನ್ನು ಕಣ್ಣಾರೆ ನೋಡಬೇಕು ಅಂತ ಅವರಿಗೆ ತುಂಬಾ ಆಸೆ. ಕೊಯ್ಲು ನಡೆಯುವುದು ಆಗಲೇ, ಅದಕ್ಕೇ ಈ ತಿಂಗಳು ಆರಿಸಿದ್ದು.

ಅಥೆನ್ಸ್‌ನಿಂದ ಬಸ್ ಇದೆ. ಊರೊಳಗೂ ಚಿಂತೆಯಿಲ್ಲ. ಕೋಟೆ, ಇಪಪಂತಿ ಚರ್ಚು, ಹಳೇ ರೈಲು ಇಂಜಿನ್‌ಗಳನ್ನು ನಿಲ್ಲಿಸಿರುವ ಪಾರ್ಕು, ಸಮುದ್ರ ತೀರ ಎಲ್ಲವೂ ಊರಲ್ಲೇ ಇವೆ. ಕಷ್ಟ ಬಂದಿರುವುದು ಪ್ರಾಚೀನ ಮೆಸೀನಿಯದು. ಕ್ರಿ.ಪೂ. 369ರಲ್ಲಿ ಗ್ರೀಕ್ ಸೇನಾಪತಿ ಎಪಮಿನೊಂಡಾಸ್ ಕಟ್ಟಿಸಿದ ಊರು ಅದು, ಈಗ ಅವಶೇಷಗಳಷ್ಟೇ. ಅಲ್ಲಿನ ಕ್ರೀಡಾಂಗಣ, ಕೋಟೆಗೋಡೆಯ ಆರ್ಕೇಡಿಯನ್ ಬಾಗಿಲು ನೋಡದೆ ಬರಲು ಮನಸ್ಸೇ ಇಲ್ಲ. ಕಲಮಾಟಾದಿಂದ ಸುಮಾರು 30 ಕಿ.ಮೀ., ಮಾವ್ರೊಮಾಟಿ ಹಳ್ಳಿಯ ಪಕ್ಕದಲ್ಲೇ.

ನನಗೆ ಡ್ರೈವಿಂಗ್ ಬರುವುದಿಲ್ಲ. ಬಸ್ ವೇಳಾಪಟ್ಟಿ ಹುಡುಕಿದೆ, ಹೋಗುವ ಬಸ್ ಸಿಕ್ಕಿತು, ವಾಪಸ್ ಬರುವ ಹೊತ್ತು ಗೊತ್ತಾಗಲಿಲ್ಲ. ಹೋಟೆಲಿನವರಿಗೆ ಬರೆದೆ. ‘ಟ್ಯಾಕ್ಸಿ ಸಿಗುತ್ತದೆ’ ಅಂದರು, ಬಾಡಿಗೆ ಎಷ್ಟು ಅಂತ ಹೇಳಲಿಲ್ಲ. ಅಮ್ಮನಿಗೆ ಮಂಡಿನೋವು ಬೇರೆ. ಹಳ್ಳಿಯಿಂದ ಅವಶೇಷಗಳ ತನಕ ಇಳಿಜಾರು ಇದೆಯಂತೆ, ಮತ್ತೆ ಹತ್ತಿ ಬರಬೇಕಲ್ವಾ?

ಅಲ್ಲಿಗೆ ಹೋಗಿಬಂದವರು ದಯವಿಟ್ಟು ಹೇಳಿ: ಟ್ಯಾಕ್ಸಿಯವರು ಎರಡು ಮೂರು ಗಂಟೆ ಕಾಯುತ್ತಾರಾ? ಹೋಗಿಬರಲು ಎಷ್ಟು ಯೂರೋ ಕೇಳಿದರು? ಮಂಡಿನೋವಿನವರು ಕ್ರೀಡಾಂಗಣದ ತನಕ ನಿಧಾನಕ್ಕೆ ನಡೆಯಬಹುದಾ, ಅಥವಾ ಅಮ್ಮನನ್ನು ಮೇಲೆ ಹಳ್ಳಿಯಲ್ಲೇ ಕೂರಿಸುವುದು ವಾಸಿಯಾ?