ಗಾಳಕ್ಕೆ ಕಟ್ಟುವ ‘ಫ್ಲೈ’ ನೊಣವೇ, ಹುಳವೇ?

ಪ್ರಶ್ನೆ, ಉಡುಪಿಯಿಂದ:

ಅಮೆರಿಕದ ಹೊಳೆಗಳಲ್ಲಿ ರಾತ್ರಿ ಹೊತ್ತು ಸ್ಮಾಲ್‌ಮೌತ್ ಬಾಸ್ ಎಂಬ ಮೀನು ಹಿಡಿಯುವ ಕ್ರಮದ ಕೈಪಿಡಿಯೊಂದು ಕನ್ನಡಕ್ಕೆ ಬರಬೇಕಾಗಿದೆ. ‘ಫೋಮ್ ಫ್ಲೈ ಟೈಯಿಂಗ್’ ಎಂಬಲ್ಲೇ ತೊಡಕು. ಗಾಳದ ಮೇಲೆ ಫೋಮ್, ಗರಿ ಎಲ್ಲ ದಾರದಿಂದ ಕಟ್ಟಿ ಮೀನನ್ನು ಮರುಳು ಮಾಡುವ ಹುಸಿ ಕೀಟ ತಯಾರಿಸುವುದು ಅದು. ನಿಘಂಟು ನಂಬಿದರೆ ‘ನೊರೆ ನೊಣ ಕಟ್ಟುವಿಕೆ’ ಆಗುತ್ತದೆ. ಫ್ಲೈಗೆ ನೊಣ ಎನ್ನಬಹುದೇ? ಫೋಮ್‌ಗೆ ಏನು? ಪಾಪರ್, ಗರ್ಗ್ಲರ್, ಸ್ಲೈಡರ್ ಎಂಬ ತೇಲುವ ಫ್ಲೈಗಳ ಹೆಸರುಗಳು, ಗಾಳದ ಭಾಗಗಳ ಹೆಸರುಗಳು ಕರಾವಳಿಯಲ್ಲಿ ಹೇಗೆ? ಬಲ್ಲವರು ತಿಳಿಸಬೇಕು.

ಉತ್ತರ, ಮಂಗಳೂರಿನಿಂದ:

‘ನೊರೆ ನೊಣ’ ಬೇಡವೇ ಬೇಡ ಮಾರಾಯ್ರೆ. ನೊರೆ ಎಂದರೆ ಹಾಲಿನದ್ದು, ಸೋಪಿನದ್ದು, ಕಡಲಿನದ್ದು. ಬೆರಳು ತಾಗಿದರೆ ಒಡೆಯುವಂಥದ್ದು. ಇಲ್ಲಿ ಬೇಕಾದ್ದು ಹಗುರವಾದ, ನೀರು ಕುಡಿಯದ, ಕತ್ತರಿಯಲ್ಲಿ ಕತ್ತರಿಸಬಹುದಾದ ಹಾಳೆ. ಅದಕ್ಕೆ ಒಳ್ಳೆ ಪದ ನಮ್ಮಲ್ಲೇ ಉಂಟು: ಬೆಂಡು. ಬಾಸಿಂಗ ಮಾಡುವುದು ಬೆಂಡಿನಲ್ಲಿ, ಬಲೆಯ ಮೇಲಂಚು ಮುಳುಗದಂತೆ ಕಟ್ಟುವುದು ಬೆಂಡು, ಜಾತ್ರೆಯಲ್ಲಿ ಬತ್ತಾಸಿನ ಜೊತೆ ಸಿಗುವುದೂ ಬೆಂಡು. ಮೂರೂ ಕಡೆ ಅರ್ಥ ಒಂದೇ, ಒಳಗೆ ಗಾಳಿಯಿರುವ ಹಗುರ ವಸ್ತು.

ಆದರೆ ಬರೀ ಬೆಂಡು ಎಂದರೆ ಓದಿದವರು ಥರ್ಮೋಕೋಲ್ ತಂದಾರು. ಅದು ತೇಲುತ್ತದೆ ನಿಜ, ದಾರ ಬಿಗಿದರೆ ಪುಡಿಯಾಗುತ್ತದೆ, ಸೂಪರ್ ಗ್ಲೂ ತಾಗಿದರೆ ಕರಗುತ್ತದೆ. ಪಾತ್ರೆ ತೊಳೆಯುವ ಸ್ಪಂಜಿನ ಗುಳ್ಳೆಗಳು ಒಂದಕ್ಕೊಂದು ತೆರೆದಿರುವುದರಿಂದ ಅದು ನೀರು ಹೀರಿ ಮುಳುಗುತ್ತದೆ. ಬೇಕಾದ್ದು ಗುಳ್ಳೆಗಳು ಒಂದೊಂದೂ ಮುಚ್ಚಿಕೊಂಡಿರುವ ಇ.ವಿ.ಎ. ಫೋಮ್. ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಕ್ರಾಫ್ಟ್‌ಗೆಂದು ಕೊಡುವ 2 ಮಿ.ಮೀ. ದಪ್ಪದ ಹಾಳೆ ಅದೇ. ಮೊದಲ ಸಲ ‘ಇ.ವಿ.ಎ. ಫೋಮ್ ಹಾಳೆ’ ಎಂದು ಬರೆದು, ಅಲ್ಲಿಂದ ಮುಂದೆ ಬೆಂಡು ಎನ್ನಿ.

ಇನ್ನು ನೊಣ. ನಮ್ಮ ಕಿವಿಗೆ ನೊಣ ಎಂದರೆ ಹಲಸಿನ ತೊಳೆಯ ಮೇಲೆ ಕೂರುವಂಥದ್ದು, ಅಷ್ಟೆ. ಗಾಳದ ಫ್ಲೈಗೆ ಆ ಹೆಸರು ಬಂದದ್ದು ನೀರಿನ ಮೇಲೆ ಹಾರುವ ಕೀಟಗಳಿಂದಾದರೂ, ಈಗ ಕಪ್ಪೆ, ಇಲಿ, ಮರಿಮೀನಿನ ಆಕಾರದಲ್ಲಿ ಕಟ್ಟಿದ್ದೂ ಫ್ಲೈಯೇ. ಹಾಗಾಗಿ ಹುಳ ವಾಸಿ. ಅದರಲ್ಲೂ ಒಂದು ತೊಂದರೆ: ‘ಗಾಳಕ್ಕೆ ಹುಳ ಹಾಕಿದೆ’ ಎಂದರೆ ಇಲ್ಲಿ ಯಾರಿಗಾದರೂ ಜೀವಂತ ಎರೆಹುಳವೇ ಹೊಳೆಯುವುದು. ಎರೆ ಎಂಬುದಕ್ಕೇ ಮೀನಿಗೆ ಒಡ್ಡುವ ತಿನಿಸು ಎಂಬ ಅರ್ಥ ಉಂಟಲ್ಲ. ‘ಕಟ್ಟುಹುಳ’ ಎಂದರೆ ಗೊಂದಲವಿಲ್ಲ, ದಾರದಿಂದ ಕಟ್ಟಿ ಮಾಡಿದ್ದು ಎಂದು ಹೆಸರೇ ಹೇಳುತ್ತದೆ. ತೇಲುವಂಥದ್ದಾದರೆ ‘ತೇಲುಹುಳ’.

ಕ್ರಿಯಾಪದ ‘ಕಟ್ಟು’ ಸರಿಯಾಗಿದೆ, ‘ಹೆಣೆ’ ಬಲೆಗೆ ಇರಲಿ. ಶಂಕರಪುರದ ಮಲ್ಲಿಗೆಯನ್ನು ಬಾಳೆನಾರಲ್ಲಿ ಕಟ್ಟುವವರ ಕೈಯ ಹದವೇ ಇಲ್ಲೂ ಬೇಕು: ಜಾರಬಾರದು, ತೊಟ್ಟು ತುಂಡಾಗಲೂಬಾರದು. ಸಪೂರ ದಾರ ಬೆಂಡನ್ನು ಬ್ಲೇಡಿನಂತೆ ಕೊಯ್ಯುತ್ತದೆ. ದಾರದ ದಪ್ಪ ಹೇಳುವ ಡೆನಿಯರ್ ಅಳತೆಯಲ್ಲಿ 140ಕ್ಕಿಂತ ಕಡಿಮೆ ಬೇಡ. ಮೊದಲ ಎರಡು ಸುತ್ತು ಸಡಿಲ, ಮೂರನೆಯದರಿಂದ ಸ್ವಲ್ಪ ಸ್ವಲ್ಪವೇ ಬಿಗಿ.

ಗಾಳದ ಭಾಗಗಳಿಗೆ ಹೀಗೆ ಹೇಳಿದರೆ ಆದೀತು. ದಾರ ಪೋಣಿಸುವಲ್ಲಿ ಕಣ್ಣು, ಸೂಜಿಗೆ ಹೇಳುವ ಹಾಗೆಯೇ. ನೇರ ಭಾಗ ಕಡ್ಡಿ. ಬಳುಕುವಲ್ಲಿ ಬಾಗು. ಮೊನೆಯ ಹಿಂದಿನದು ಹಿಮ್ಮುಳ್ಳು. ಮೊನೆಗೂ ಕಡ್ಡಿಗೂ ನಡುವಿನ ಜಾಗಕ್ಕೆ ‘ಬಾಯಿ’ ಅನ್ನಬೇಡಿ, ಮೀನಿನ ಬಾಯಿಯ ಮಾತೂ ಅದೇ ಪುಟದಲ್ಲಿ ಬರುತ್ತದೆ, ‘ತೆರಪು’ ಎನ್ನಿ. ಈ ಪದ ಮುಖ್ಯ, ಯಾಕೆಂದರೆ ಕಟ್ಟುವವರು ಹೆಚ್ಚಾಗಿ ತಪ್ಪುವುದು ಅಲ್ಲೇ: ಬೆಂಡು ಹೆಚ್ಚಾಗಿ ತೆರಪು ತುಂಬಿಹೋದರೆ ಮೀನು ಹಾರಿ ಕಚ್ಚುತ್ತದೆ, ಮೊನೆ ಮಾತ್ರ ನಾಟುವುದಿಲ್ಲ.

ಪದಗಳು ನಿಲ್ಲುತ್ತವೋ ನೋಡಲು ಒಂದು ಹುಳ ಕಟ್ಟುವ ಕ್ರಮವನ್ನೇ ಬರೆದು ನೋಡಿ. 4ನೇ ನಂಬರಿನ ಅಗಲ ತೆರಪಿನ ಗಾಳವನ್ನು ವೈಸ್‌ಗೆ (ಗಾಳವನ್ನು ಕಚ್ಚಿ ಹಿಡಿಯುವ ಸಲಕರಣೆ) ಸಿಕ್ಕಿಸಿ, ಕಣ್ಣಿನ ಹಿಂದಿನಿಂದ ಬಾಗಿನವರೆಗೆ ಕಡ್ಡಿಯ ತುಂಬ ದಾರ ಸುತ್ತಿ, ಮೇಲೊಂದು ಹನಿ ಸೂಪರ್ ಗ್ಲೂ. ಇದನ್ನು ಬಿಟ್ಟರೆ ಬೆಂಡು ಕಡ್ಡಿಯ ಸುತ್ತ ಗಿರಗಿರ ತಿರುಗುತ್ತದೆ. ಬಾಗಿನ ಮೇಲೆ ಮರಬು ಎಂಬ ಮೆತ್ತನೆಯ ಕಪ್ಪು ಗರಿಯ ಬಾಲ, ಕಡ್ಡಿಯಷ್ಟೇ ಉದ್ದ. ಹೆಚ್ಚಾದರೆ ಎಸೆಯುವಾಗ ಬಾಗಿಗೆ ಸುತ್ತಿಕೊಳ್ಳುತ್ತದೆ. ಅಲ್ಲೇ 8 ಮಿ.ಮೀ. ಅಗಲ, 5 ಸೆಂ.ಮೀ. ಉದ್ದದ ಬೆಂಡಿನ ಪಟ್ಟಿಯ ಒಂದು ತುದಿಯನ್ನು ಚೂಪಾಗಿ ಕತ್ತರಿಸಿ ಕಟ್ಟಬೇಕು, ಪಟ್ಟಿ ಹಿಂದಕ್ಕೆ ಚಾಚಿರಲಿ. ಕಡ್ಡಿಗೆ ಗರಿಯನ್ನೋ ಮಿಂಚುದಾರವನ್ನೋ ಸುತ್ತಿ ಮುಂದೆ ಬಂದು, ಪಟ್ಟಿಯನ್ನು ಬೆನ್ನ ಮೇಲೆ ಮಡಚಿ ಕಣ್ಣಿನ ಹಿಂದೆ ಬಿಗಿಯಬೇಕು. ಎರಡೂ ಮಗ್ಗುಲಲ್ಲಿ ರಬ್ಬರ್ ಕಾಲು. ಮುಂದೆ ಉಳಿದ ಬೆಂಡಲ್ಲಿ 6–7 ಮಿ.ಮೀ. ಬಿಟ್ಟು ಉಳಿದದ್ದು ಕತ್ತರಿಸಿ. ಇದೇ ತುಟಿ. ಕೊನೆಯ ಗಂಟು ತುಟಿಯ ಅಡಿಯಲ್ಲಿ. ಕಣ್ಣಿಗೆ ಗ್ಲೂ ಹೋಗದಂತೆ ನೋಡಿ. ತುಟಿ ಉದ್ದವಾದರೆ ಎಸೆದಾಗ ಹುಳ ಗಾಳಿಯಲ್ಲಿ ತಿರುಗಿ ತಂಗೂಸಿ (ಗಾಳದ ನೈಲಾನ್ ದಾರ) ಮುರಿಗೆ ಬೀಳುತ್ತದೆ.

ಇದೇ ಗರ್ಗ್ಲರ್, ಅಮೆರಿಕದ ಜ್ಯಾಕ್ ಗಾರ್ಟ್‌ಸೈಡ್ ರೂಪಿಸಿದ್ದು. ಗುಳುಗುಳು ಸದ್ದಿನಿಂದ ‘ಗುಳುಗ’ ಅನ್ನೋಣ ಎಂದರೆ ನಮ್ಮೂರಲ್ಲಿ ಗುಳಿಗ ದೈವದ ನೆನಪಾದೀತು, ಅದು ಬೇಡ. ‘ತುಟಿಹುಳ’ ಸಾಕು. ಪಾಪರ್‌ನ ಮುಖ ಚಪ್ಪಟೆ ಇಲ್ಲವೆ ಗುಳಿಬಿದ್ದದ್ದು, ಎಳೆದರೆ ಬುಳುಕ್ ಎನ್ನುತ್ತದೆ: ‘ಬುಳುಕುಹುಳ’. ಸ್ಲೈಡರ್‌ನ ಮುಖ ಮೊನಚು, ಸದ್ದಿಲ್ಲದೆ ನೀರು ಸೀಳುತ್ತ ಬರುತ್ತದೆ: ‘ಜಾರುಹುಳ’.

ಮತ್ತೊಂದು ಉತ್ತರ, ಸುರತ್ಕಲ್‌ನಿಂದ:

ತುಟಿಹುಳ ಚೆನ್ನಾಗಿದೆ. ಮೂರು ಕಡೆ ಎಚ್ಚರ ಬೇಕು.

ಬಾಸ್ ಎಂಬುದನ್ನು ಹಾಗೇ ಉಳಿಸಿ, ಆದರೆ ಒಂದು ಸಾಲಿನ ವಿವರಣೆ ಇರಲಿ. ನಮ್ಮ ಹೋಟೆಲುಗಳ ಸೀ ಬಾಸ್ ಬೇರೆ, ಫ್ರೀಜರಿನ ಬಾಸಾ ಬೇರೆ (ಅದು ಕ್ಯಾಟ್‌ಫಿಶ್ ಜಾತಿ, ಹೆಚ್ಚಾಗಿ ವಿಯೆಟ್ನಾಮಿನದ್ದು), ಇದು ಉತ್ತರ ಅಮೆರಿಕದ ಸಿಹಿನೀರಿನ ಮೀನು. ‘ಸಣ್ಣಬಾಯಿ’ ಎಂದು ಅನುವಾದಿಸಿದರೆ ಬಾಯಿ ನಿಜಕ್ಕೂ ಸಣ್ಣದೆಂದು ತಿಳಿದಾರು. ಹೆಸರು ಬಂದದ್ದು ಹೋಲಿಕೆಯಿಂದ: ಇದರ ಮೇಲ್ದವಡೆ ಕಣ್ಣಿನ ನೇರಕ್ಕೆ ನಿಲ್ಲುತ್ತದೆ, ಲಾರ್ಜ್‌ಮೌತ್‌ನದ್ದು ಕಣ್ಣು ದಾಟಿ ಹಿಂದೆ ಹೋಗುತ್ತದೆ.

ಎರಡನೆಯದು ‘ವೈಟ್ ಫ್ಲೈ’. ಆಗಸ್ಟ್ ಹೊತ್ತಿಗೆ ಅಮೆರಿಕದ ಸಸ್ಕ್ವೆಹನ್ನಾದಂಥ ನದಿಗಳಲ್ಲಿ ಮುಸ್ಸಂಜೆಗೆ ರಾಶಿ ರಾಶಿ ಏಳುವ ಮೇಫ್ಲೈ (ನೀರಲ್ಲಿ ಬೆಳೆದು ಹಾರುವ ಕೀಟ) ಅದು, ಬಾಸ್‌ಗಳಿಗೆ ಹಬ್ಬದೂಟ. ‘ಬಿಳಿನೊಣ’ ಎಂದು ಬರೆದಿರೋ, ನಮ್ಮ ಕೃಷಿಕರು ಅದೇ ಹೆಸರಿನ ತೆಂಗಿನ ಪೀಡೆ ಬಂತೆಂದು ಗರಿ ನೋಡಲು ಓಡುತ್ತಾರೆ.

ಮೂರನೆಯದು ನಂಬರ್. ಇಲ್ಲಿ ಬರುವಂಥ ಸಾದಾ ನಂಬರಿನ ಗಾಳಗಳಲ್ಲಿ ಅಂಕಿ ಹೆಚ್ಚಿದಷ್ಟೂ ಗಾತ್ರ ಕಡಿಮೆ. 6 ಚಿಕ್ಕದು, 2 ದೊಡ್ಡದು. ‘2ರಿಂದ 6ರವರೆಗೆ ದೊಡ್ಡದಾಗುತ್ತ’ ಎಂದು ಬರೆದರೆ ಇಡೀ ಅಧ್ಯಾಯ ತಲೆಕೆಳಗು.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಧನ್ಯವಾದ. ಒಂದು ಸಂಶಯ ಉಳಿದಿದೆ. ರಾತ್ರಿಗೆ ಕಪ್ಪು ಹುಳ ಎಂದೇ ಮೂಲದಲ್ಲಿದೆ. ಕತ್ತಲಲ್ಲಿ ಕಪ್ಪು ಕಾಣುವುದು ಹೇಗೆ? ‘ಸಿಲೂಯೆಟ್’ ಎಂಬ ಪದವೂ ಅಲ್ಲೇ ಉಂಟು.

ಮಂಗಳೂರಿನಿಂದ:

ಮೂಲ ಸರಿಯಾಗಿಯೇ ಇದೆ. ಮೀನು ನೋಡುವುದು ಕೆಳಗಿನಿಂದ ಮೇಲಕ್ಕೆ. ಅಮಾವಾಸ್ಯೆಯಲ್ಲೂ ಆಕಾಶ ನೀರಿಗಿಂತ ತುಸು ಬೆಳಕೇ, ಅದರೆದುರು ಕಪ್ಪು ಆಕಾರ ಎದ್ದು ತೋರುತ್ತದೆ. ಸಿಲೂಯೆಟ್‌ಗೆ ‘ನೆರಳಾಕೃತಿ’ ಎನ್ನಿ. ಬರೀ ‘ನೆರಳು’ ಎಂದರೆ ನೀರಿನ ತಳದಲ್ಲಿ ಬೀಳುವುದು ಎಂದಾಗುತ್ತದೆ. ಕಣ್ಣಿಗೆ ಸಿಗದ್ದನ್ನು ಮೀನು ಮಗ್ಗುಲ ಗೆರೆಯಿಂದ (ಮೈಯ ಎರಡೂ ಬದಿ ಅದುರು ಗುರುತಿಸುವ ಅಂಗ), ನೀರಿನ ಅದುರಿನಲ್ಲಿ ತಿಳಿಯುತ್ತದೆ. ಅದಕ್ಕೇ ರಾತ್ರಿ ಹುಳವನ್ನು ನಿಲ್ಲಿಸಿ ನಿಲ್ಲಿಸಿ ಎಳೆಯದೆ ಒಂದೇ ಹದದಲ್ಲಿ ನಿಧಾನ ಎಳೆಯುವುದು. ಇಲ್ಲದಿದ್ದರೆ ಮೀನಿನ ಗುರಿ ತಪ್ಪುತ್ತದೆ. ಮೂಲದಲ್ಲಿ ‘ಸ್ಟ್ರೈಕ್’ ಎರಡು ಅರ್ಥದಲ್ಲಿ ಬಂದಿರಬಹುದು, ಬೇರೆ ಮಾಡಿ ಬರೆಯಿರಿ: ಮೀನು ಮಾಡುವುದು ‘ಕಚ್ಚು’, ಹಿಡಿಯುವವರು ಮಾಡುವುದು ‘ಜಗ್ಗು’. ಕಚ್ಚಿದ ಸದ್ದಿಗೆ ಜಗ್ಗಬಾರದು, ದಾರದಲ್ಲಿ ಭಾರ ಬಂದ ಮೇಲೆ ಜಗ್ಗಬೇಕು.